ನಾಳೆ ಬಾ: ಅಕ್ಷರದಲ್ಲೇ ಹೆದರಿಸೋ ಆಟಗಳು ಮತ್ತು ನಮ್ಮ ಚಳ್ಳಕೆರೆ-ಮೊಳಕಾಲ್ಮೂರು ಸೀಮೆ

ಭಾಗ 1

ಫೋಟೋದಲ್ಲಿರೋದು ಮಾಮೂಲಿ ಮರದ ಬಾಗಿಲು. ಝೂಮ್ ಮಾಡಿದ್ರೆ ಮೇಲ್ಗಡೆ ಮಾಸಿಹೋದ ಎರಡು ಪದ ಕಾಣ್ತವೆ: ನಾಳೆ ಬಾ.

1990ರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದವರಿಗೆ ಇದನ್ನ ವಿವರಿಸೋದೇ ಬೇಡ. ಆಮೇಲೆ ಹುಟ್ಟಿದವರಿಗೆ ಹೇಳ್ತೀನಿ. ರಾತ್ರಿ ಹೊತ್ತು ದೆವ್ವವೊಂದು ಬೀದಿಗೆ ಬರುತ್ತೆ, ಬಾಗಿಲು ತಟ್ಟುತ್ತೆ, ನಿಮ್ಮ ಅಮ್ಮನದೋ ಅಣ್ಣನದೋ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತೆ. ಓಗೊಟ್ಟು ಬಾಗಿಲು ತೆಗೆದ್ರೆ ಮುಗೀತು. ಅದಕ್ಕೇ ಜನ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿಟ್ರು. ದೆವ್ವ ಓದುತ್ತೆ, ಆಯ್ತು ಅಂತ ವಾಪಸ್ ಹೋಗುತ್ತೆ. ಮಾರನೇ ರಾತ್ರಿ ಬಂದು ಮತ್ತೆ ಅದನ್ನೇ ಓದುತ್ತೆ. ಕಿರಾಣಿ ಅಂಗಡಿಯ ‘ಇಂದು ನಗದು, ನಾಳೆ ಉದ್ರಿ’ ಬೋರ್ಡು ಇದೇ ಉಪಾಯದ್ದು. ಅಲ್ಲಿ ದೆವ್ವ ನಾವು, ಅಷ್ಟೇ.

ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಆಂಧ್ರದ ಅಂಚಿಗೆ ಅಂಟಿಕೊಂಡ ತಾಲ್ಲೂಕುಗಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನೋ ಊರುಗಳು ಇಲ್ಲಿ ಬೇಕಾದಷ್ಟಿವೆ. ತೆಲುಗಿನವರ ಗೋಡೆ ಮೇಲೆ ಇದೇ ಮಾತು ‘ಓ ಸ್ತ್ರೀ ರೇಪು ರಾ’ ಆಗಿತ್ತು. 2018ರ ಹಿಂದಿ ಸಿನಿಮಾ ‘ಸ್ತ್ರೀ’ ಇದನ್ನೇ ‘ಓ ಸ್ತ್ರೀ ಕಲ್ ಆನಾ’ ಅಂತ ಮಧ್ಯಪ್ರದೇಶದ ಚಂದೇರಿಗೆ ಒಯ್ದಿತು. ಅಂದ್ರೆ ನಮ್ಮ ದೆವ್ವಕ್ಕೆ ಮೂರು ಭಾಷೆ ಓದೋಕೆ ಬರುತ್ತೆ.

ಈ ಕಥೆಯಲ್ಲಿ ದೆವ್ವಕ್ಕೆ ರೂಪ ಇಲ್ಲ ಅನ್ನೋದನ್ನ ಗಮನಿಸಿದೀರಾ? ಬಿಳಿ ಸೀರೆ, ಹಿಂದುಮುಂದಾದ ಪಾದ ಯಾವುದೂ ಇದಕ್ಕೆ ಬೇಕಾಗಿಲ್ಲ. ಒಂದು ದನಿ, ಒಂದು ಬಾಗಿಲು, ಎರಡು ಪದ. 1980ರ ದಶಕದ ಬೇಸಿಕ್ ಭಾಷೆಯಲ್ಲಿ ಬರೆದ್ರೆ ಎರಡೇ ಸಾಲಾಗುತ್ತೆ: 10ನೇ ಸಾಲು ‘ನಾಳೆ ಬಾ’ ಅಂತ ಪ್ರಿಂಟ್ ಮಾಡು, 20ನೇ ಸಾಲು ಮತ್ತೆ 10ಕ್ಕೆ ಹೋಗು.

ನಾವು ಮೂವರು ಸೇರಿ ಒಂದು ಆಟ ಮಾಡ್ತಿದೀವಿ. ಚಿತ್ರ ಇಲ್ಲ, ಸಂಗೀತ ಇಲ್ಲ. ಕಪ್ಪು ಪರದೆ, ಹಸಿರು ಅಕ್ಷರ, ನೀವು ಟೈಪ್ ಮಾಡಿದ ಮಾತಿಗೆ ಅದು ಕೊಡೋ ಉತ್ತರ. ನಡೆಯೋದು ನಮ್ಮ ಸೀಮೆಯಲ್ಲಿ. ಅದಕ್ಕಾಗಿ ಓದಿದ್ದನ್ನೆಲ್ಲ ಇಲ್ಲಿ ಒಂದೊಂದೇ ಪೋಸ್ಟಾಗಿ ಹಾಕ್ತೀನಿ. ಮೊದಲು ಹಳೇ ಕಥೆ.

ಭಾಗ 2

ಅಮೆರಿಕದ ವಿಲ್ ಕ್ರೌದರ್ ವೃತ್ತಿಯಲ್ಲಿ ಪ್ರೋಗ್ರಾಮರ್. ಇಂಟರ್ನೆಟ್‌ಗೆ ಅಜ್ಜನಂತಿದ್ದ ಅರ್ಪಾನೆಟ್‌ಗೆ ಕೆಲಸ ಮಾಡಿದವನು. ಹವ್ಯಾಸ ಗುಹೆ ಇಳಿಯೋದು. ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತೆವಳಿ, ಅಳೆದು, ನಕ್ಷೆ ಮಾಡಿದ್ದ. ಮದುವೆ ಮುರಿದ ಮೇಲೆ, 1975-76ರ ಸುಮಾರಿಗೆ, ತನ್ನ ಹೆಣ್ಣುಮಕ್ಕಳಿಗೆ ಆಡೋಕೆ ಅಂತ ಆ ಗುಹೆಯನ್ನ ಅಕ್ಷರದಲ್ಲಿ ಕಟ್ಟಿದ. ಅದೇ ‘ಅಡ್ವೆಂಚರ್’. ನೀವು ಎರಡು ಪದ ಬರೀತೀರಿ, ಕಂಪ್ಯೂಟರು ನೀವೆಲ್ಲಿದೀರಿ ಅಂತ ಹೇಳುತ್ತೆ. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನ ಹಿಗ್ಗಿಸಿದ. ಅದೇ ವರ್ಷ ಎಂಐಟಿಯ ಹುಡುಗರು ‘ಝಾರ್ಕ್’ ಶುರು ಮಾಡಿದ್ರು, 1979ರಲ್ಲಿ ಇನ್ಫೋಕಾಮ್ ಅನ್ನೋ ಕಂಪನಿ ಕಟ್ಟಿದ್ರು.

ಝಾರ್ಕ್‌ನಲ್ಲಿ ಒಂದು ಪ್ರಾಣಿ ಇದೆ, ಗ್ರೂ ಅಂತ. ದೀಪ ಇಲ್ಲದೆ ಕತ್ತಲಲ್ಲಿ ಓಡಾಡಿದ್ರೆ ಅದು ತಿಂದುಹಾಕುತ್ತೆ. ಅದು ಹೇಗಿದೆ ಅಂತ ಯಾರೂ ನೋಡಿಲ್ಲ, ಯಾಕಂದ್ರೆ ಬೆಳಕಲ್ಲಿ ಅದು ಬರೋದೇ ಇಲ್ಲ. ಕಾಣದ್ದನ್ನ ಓದುಗನ ತಲೆಯೇ ತುಂಬಿಕೊಳ್ಳಲಿ ಅನ್ನೋ ಲೆಕ್ಕ. ನಮ್ಮ ಬಾಗಿಲ ದೆವ್ವದ ದೂರದ ನೆಂಟ ಅನ್ನಬಹುದು.

ಇನ್ಫೋಕಾಮ್ ಹೆಸರಿಟ್ಟೇ ಹಾರರ್ ಆಟ ಮಾಡಿದ್ದು 1987ರಲ್ಲಿ: ಡೇವ್ ಲೆಬ್ಲಿಂಗ್ ಬರೆದ ‘ದ ಲರ್ಕಿಂಗ್ ಹಾರರ್’. ಎಂಐಟಿಯನ್ನ ಹೋಲೋ ಒಂದು ಕಾಲೇಜು, ಹಿಮಪಾತದ ರಾತ್ರಿ, ಅಸೈನ್‌ಮೆಂಟ್ ಮುಗಿಸೋಕೆ ಕೂತ ಹುಡುಗ. 1989ಕ್ಕೆ ಕಂಪನಿಯ ಕಚೇರಿ ಮುಚ್ಚಿತು. ಗ್ರಾಫಿಕ್ಸ್ ಗೆದ್ದಿತ್ತು. ಆದ್ರೆ ಹವ್ಯಾಸಿಗಳು ಬಿಡಲಿಲ್ಲ. ಗ್ರಹಾಂ ನೆಲ್ಸನ್ 1993ರಲ್ಲಿ ‘ಇನ್‌ಫಾರ್ಮ್’ ಅನ್ನೋ ಆಟ ಬರೆಯೋ ಭಾಷೆಯನ್ನೇ ಬಿಟ್ಟುಕೊಟ್ಟ. ಅದರಲ್ಲಿ 1998ರಲ್ಲಿ ಮೈಕಲ್ ಜೆಂಟ್ರಿಯ ‘ಆಂಕರ್‌ಹೆಡ್’ ಬಂತು, 2000ದಲ್ಲಿ ಆಂಡ್ರೂ ಪ್ಲಾಟ್ಕಿನ್‌ನ ‘ಶೇಡ್’.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಶೇಡ್. ಒಂದೇ ಒಂದು ಕೋಣೆ, ಬೆಳಗಿನ ಜಾವ, ಪ್ರಯಾಣಕ್ಕೆ ಹೊರಟ ಒಬ್ಬ ಮನುಷ್ಯ. ಟಿಕೆಟ್ ಹುಡುಕು, ನೀರು ಕುಡಿ, ಇಷ್ಟೇ ಕೆಲಸ. ಎಲ್ಲಿಂದಲೋ ಸ್ವಲ್ಪ ಮರಳು ಕಾಣಿಸುತ್ತೆ. ಆಮೇಲೆ ಇನ್ನೊಂದಿಷ್ಟು. ಚಳ್ಳಕೆರೆಯವರಿಗೆ ಇದು ದೆವ್ವಕ್ಕಿಂತ ಬೇಗ ತಾಗುತ್ತೆ. ರಾಜ್ಯದಲ್ಲೇ ಅತಿ ಕಮ್ಮಿ ಮಳೆ ಬೀಳೋ ತಾಲ್ಲೂಕುಗಳಲ್ಲಿ ನಮ್ಮದೊಂದು. ಗಡಿ ದಾಟಿ ರಾಯದುರ್ಗದಾಚೆ ಕಣೇಕಲ್ಲು ಕಡೆ ಹೋಗಿ ನೋಡಿ, ವೇದಾವತಿಯ ಒಣ ಪಾತ್ರದ ಮರಳು ಗಾಳಿಗೆ ಎದ್ದು ಹೊಲಕ್ಕೆ ನುಗ್ಗುತ್ತೆ. ಅಲ್ಲಿ ಅದು ರೂಪಕ ಅಲ್ಲ.

ಇನ್ನೊಂದು ಹಿರಿಯಜ್ಜಿ ಇದೆ, ಆಟ ಅಲ್ಲದಿದ್ರೂ ಹೇಳಲೇಬೇಕು. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಅನ್ನೋ ಪ್ರೋಗ್ರಾಂ ಪ್ರಕಟಿಸಿದ. ಮನೋವೈದ್ಯರ ತರ ನೀವು ಹೇಳಿದ್ದನ್ನೇ ಪ್ರಶ್ನೆ ಮಾಡಿ ತಿರುಗಿಸುತ್ತೆ, ಅಷ್ಟೇ ಅದರ ಬುದ್ಧಿ. ಅದು ಹೇಗೆ ತಯಾರಾಯ್ತು ಅಂತ ಕಣ್ಣಾರೆ ಕಂಡಿದ್ದ ಅವನ ಸೆಕ್ರೆಟರಿಯೇ ಸ್ವಲ್ಪ ಹೊತ್ತು ಮಾತಾಡಿ, ನೀವು ಆಚೆ ಹೋಗ್ತೀರಾ ಅಂತ ಅವನನ್ನ ಕೇಳಿದಳಂತೆ. ಅವನು ಖುಷಿಪಡಲಿಲ್ಲ, ಹೆದರಿದ. ಸೈಕಲಾಜಿಕಲ್ ಹಾರರ್ ಅನ್ನೋದರ ಬೀಜ ಅಲ್ಲೇ ಇದೆ ಅನ್ನಿಸುತ್ತೆ ನನಗೆ.

ಭಾಗ 3

ಇವತ್ತಿನ ಫೋಟೋ ಬಿಬಿಸಿ ಮೈಕ್ರೋ ಕಂಪ್ಯೂಟರಿಂದು. ಕೆಂಪು ಫಂಕ್ಷನ್ ಕೀಗಳು ಎಷ್ಟು ಚೆಂದ ಅಲ್ವಾ.

1984ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಅನ್ನೋ ಯೋಜನೆಯಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಕೊಡೋಕೆ ಶುರು ಮಾಡಿತು. ಮೊದಲ ಸುತ್ತಿಗೆ ಸುಮಾರು 250 ಶಾಲೆ. ಕೊಟ್ಟಿದ್ದು ಇದೇ ಬ್ರಿಟಿಷ್ ಯಂತ್ರ. ಇಂಗ್ಲೆಂಡಿನಲ್ಲಿ ಒಂದು ತಲೆಮಾರಿನ ಹುಡುಗರು ಇದರ ಮೇಲೇ ಅಕ್ಷರದ ಆಟ ಬರೆದು ಬೆಳೆದ್ರು. ನಮ್ಮಲ್ಲಿ ಆ ಪೆಟ್ಟಿಗೆ ಕಂಡ ಮಕ್ಕಳೂ ಅದರಲ್ಲಿ ಕನ್ನಡ ಕಾಣಲಿಲ್ಲ.

ಯಾಕೆ? ಆ ಕಾಲದ ಪರದೆ ಅಂದ್ರೆ ಚೌಕಳಿ ಕಾಗದ. ಒಂದು ಚೌಕಕ್ಕೆ ಒಂದು ಅಕ್ಷರ, ಎಲ್ಲಾ ಒಂದೇ ಅಗಲ. ‘ಎ’ ಕೂರುತ್ತೆ, ‘ಬಿ’ ಕೂರುತ್ತೆ. ‘ಸ್ತ್ರೀ’ಯನ್ನ ಕೂರಿಸಿ ನೋಡೋಣ! ಕೆಳಗೆ ಎರಡು ಒತ್ತು, ಮೇಲೊಂದು ಗುಡಿಸು, ಪಕ್ಕಕ್ಕೊಂದು ದೀರ್ಘ. ಇದನ್ನ ಬಗೆಹರಿಸಿದ್ದು ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ. ಪಿಸಿಗೆ ಒಂದು ಕಾರ್ಡ್ ಸಿಕ್ಕಿಸಿದ್ರೆ ಡಾಸ್ ಪರದೆಯಲ್ಲೂ ಭಾರತೀಯ ಲಿಪಿ ಮೂಡ್ತಿತ್ತು. ಆದ್ರೆ ಅದು ಕಚೇರಿಗಳ ಸಾಮಾನು, ಮನೆ ಹುಡುಗರ ಕೈಗೆ ಬರೋದಲ್ಲ. ಆಮೇಲೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬಂತು, 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟ್ ಹೊತ್ತು ತಂದಿತು.

ಹಾಗಾಗಿ ‘ಕನ್ನಡ ರೆಟ್ರೋ ಗೇಮ್’ ಅಂದ್ರೆ ಒಂಥರಾ ಇಲ್ಲದ ಬಾಲ್ಯಕ್ಕೆ ಹಂಬಲಿಸಿದ ಹಾಗೆ. ಹಸಿರು ಅಕ್ಷರದ ಕನ್ನಡ ಸಾಹಸದಾಟ ನಮ್ಮ ಅಣ್ಣಂದಿರು ಆಡಿಲ್ಲ. ನನಗೆ ಇದರಲ್ಲಿ ಬೇಜಾರಿಲ್ಲ. ನಮಗೆ ನಮ್ಮದೇ ಹಳೇ ಭಯ ಇದೆ: ಬೇರೆ ಫಾಂಟಿನ ಫೈಲ್ ತೆರೆದಾಗ ಪುಟದ ತುಂಬ ಅರ್ಥವಿಲ್ಲದ ಚಿಹ್ನೆ ಸುರಿಯೋದು. ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡಿದವರನ್ನ ಕೇಳಿ. ಲಗ್ನಪತ್ರಿಕೆ ಬೆಳಿಗ್ಗೆಗೆ ಬೇಕು, ಫೈಲ್ ತೆರೆದ್ರೆ ಗಂಡಿನ ಹೆಸರಿರೋ ಜಾಗದಲ್ಲಿ ಮಾಟದ ಮಂತ್ರ. ಆಟದಲ್ಲಿ ಇದನ್ನ ಬಳಸ್ತೀವಿ. ಅಜ್ಜಿಯ ಕಾಗದ ಓದ್ತಾ ಓದ್ತಾ ಒಂದೊಂದೇ ಒತ್ತಕ್ಷರ ಕಳಚಿ ಕೆಳಗೆ ಬೀಳುತ್ತೆ.

ಈಗ ತಾಂತ್ರಿಕ ಅಡ್ಡಿ ಏನೂ ಇಲ್ಲ. ಕ್ರಿಸ್ ಕ್ಲಿಮಾಸ್ 2009ರಲ್ಲಿ ಬಿಟ್ಟ ಟ್ವೈನ್ ಅನ್ನೋ ಉಚಿತ ಸಾಧನ ಬ್ರೌಸರಲ್ಲೇ ನಡೆಯುತ್ತೆ, ಯೂನಿಕೋಡ್ ಕನ್ನಡ ಸರಾಗ. ಆದ್ರೆ ಅದು ಲಿಂಕ್ ಒತ್ತೋ ಆಟ. ನಮಗೆ ಬೇಕಿರೋದು ಟೈಪ್ ಮಾಡೋ ಆಟ. ಅಲ್ಲೇ ಕಷ್ಟ ಇರೋದು, ಅಲ್ಲೇ ಮಜವೂ ಇರೋದು.

ಭಾಗ 4

ಸ್ವೈಪ್ ಮಾಡಿ, ಎರಡನೇ ಫೋಟೋ ನೋಡಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಅಶೋಕ ಸಿದ್ದಾಪುರದ ಹತ್ತಿರ. ಊರವರು ಅಕ್ಷರಗುಂಡು ಅಂತಿದ್ದ ಬಂಡೆ.

1892ರಲ್ಲಿ ಬಿ.ಎಲ್. ರೈಸ್ ಇಲ್ಲಿ ಮೂರು ಕಡೆ ಅಶೋಕನ ಶಾಸನ ಗುರುತಿಸಿದ್ರು: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರೂ ಕೆಲವೇ ಕಿಲೋಮೀಟರ್ ಅಂತರದಲ್ಲಿ. ಕೊನೆಯದು ರಾವಣನ ಜೊತೆ ಕಾದಾಡಿ ಜಟಾಯು ಬಿದ್ದ ಬೆಟ್ಟ ಅಂತ ಪ್ರತೀತಿ. ಅಲ್ಲಿನ ಬಂಡೆಗೆ ಬಳೆಗಾರಗುಂಡು ಅಂತ ಹೆಸರು, ಜಾತ್ರೆಯಲ್ಲಿ ಬಳೆಗಾರರು ಶಾಸನದ ಮೇಲೇ ಅಂಗಡಿ ಹೂಡ್ತಿದ್ರು. ಚಕ್ರವರ್ತಿಯ ಮಾತಿನ ಮೇಲೆ ಎರಡು ಡಜನ್ ಹಸಿರು ಗಾಜಿನ ಬಳೆ!

ಶಾಸನದ ಹೂರಣ ಹೀಗೆ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲ ಅನ್ನೋ ಊರಿನ ಮಹಾಮಾತ್ರರ ಕ್ಷೇಮ ವಿಚಾರಿಸಿ, ದೊರೆಯ ಮಾತನ್ನ ದಾಟಿಸ್ತಾರೆ. ಅಲ್ಲಿಂದ ‘ನಾನು’ ಅನ್ನೋ ದನಿ ಶುರುವಾಗುತ್ತೆ. ತಂದೆತಾಯಿ ಮಾತು ಕೇಳಿ, ನಿಜ ಹೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ. ಜೊತೆಗೆ 256 ಅನ್ನೋ ಸಂಖ್ಯೆ. ಪ್ರವಾಸದ ರಾತ್ರಿಗಳ ಲೆಕ್ಕ ಅಂತ ಅದನ್ನ ಓದೋ ವಾಡಿಕೆ ಇದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆ ಲಿಪಿ ಮರೆತುಹೋಯ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಮತ್ತೆ ಓದೋ ತನಕ, ನೂರಾರು ವರ್ಷ, ದನ ಕಾಯೋ ಹುಡುಗರು ಈ ಬಂಡೆ ಪಕ್ಕ ಬುತ್ತಿ ಬಿಚ್ಚಿದ್ರು. ಯಾರೋ ಏನೋ ಹೇಳ್ತಿದಾರೆ ಅಂತ ಕಾಣುತ್ತೆ, ಏನು ಅಂತ ತಿಳಿಯಲ್ಲ. ಹೆದರಿಕೆಯ ಆಟಕ್ಕೆ ಇದಕ್ಕಿಂತ ಒಳ್ಳೇ ಸ್ಥಳ ಬೇಕಾ?

ಆದ್ರೆ ನನಗೆ ರೋಮಾಂಚನ ಆಗಿದ್ದು ಕೊನೆಯ ಸಾಲಿಂದ. ಬರೆದವನು ಚಪಡ ಅಂತ ಸಹಿ ಇದೆ. ಲಿಪಿಕಾರ ಅನ್ನೋ ಪದ ಮಾತ್ರ ಬ್ರಾಹ್ಮಿಯಲ್ಲಿಲ್ಲ, ಖರೋಷ್ಠಿಯಲ್ಲಿದೆ. ಖರೋಷ್ಠಿ ಗಾಂಧಾರದ ಕಡೆಯದು, ಈಗಿನ ಪಾಕಿಸ್ತಾನದ ಭಾಗ, ಬಲದಿಂದ ಎಡಕ್ಕೆ ಬರೆಯೋದು. ಮೊಳಕಾಲ್ಮೂರಿನ ಬೆಟ್ಟದಲ್ಲಿ ಅದನ್ನ ಓದೋರು ಯಾರಿದ್ರು? ಜಂಬವೋ, ತವರಿನ ನೆನಪೋ, ಬರೆದ ಕೈ ತನ್ನ ಗುರುತು ಬಿಟ್ಟು ಹೋಯ್ತು.

ಈಗ 1980ಕ್ಕೆ ಬನ್ನಿ. ಕ್ರೌದರ್-ವುಡ್ಸ್ ಆಟ ಆಡಿ ಹುಚ್ಚುಹಿಡಿಸಿಕೊಂಡಿದ್ದ ವಾರೆನ್ ರಾಬಿನೆಟ್, ಅದನ್ನೇ ಚಿತ್ರದ ಆಟವಾಗಿ ಅಟಾರಿ ಕಂಪನಿಗೆ ಮಾಡಿಕೊಟ್ಟ. ಆಟ ಬರೆದವರ ಹೆಸರನ್ನ ಅಟಾರಿ ಡಬ್ಬದ ಮೇಲೆ ಹಾಕ್ತಿರಲಿಲ್ಲ. ಅವನು ಯಾರಿಗೂ ಹೇಳದೆ, ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆ ಹೊತ್ತು ತಂದ್ರೆ ಮಾತ್ರ ತೆರೆಯೋ ಗುಟ್ಟಿನ ಕೋಣೆಯಲ್ಲಿ ತನ್ನ ಹೆಸರು ಬರೆದಿಟ್ಟ. ಗೇಮ್ ಲೋಕ ಇದನ್ನ ಈಸ್ಟರ್ ಎಗ್ ಅಂತ ಕೊಂಡಾಡುತ್ತೆ. ನಮ್ಮ ಚಪಡ ಅದಕ್ಕೂ ಎರಡು ಸಾವಿರ ವರ್ಷಕ್ಕೂ ಹಿಂದಿನವನು. ನಮ್ಮ ಆಟದಲ್ಲಿ ಅವನಿಗೊಂದು ಪಾತ್ರ ಇದೆ, ಅವನ ಮಾತು ಮಾತ್ರ ಬಲದಿಂದ ಎಡಕ್ಕೆ ಬರುತ್ತೆ.

(ಇದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ್ದು. ಚಪ್ಪಡಿ ಕಲ್ಲಿನ ಗೋರಿಗಳು, ಪೂರ್ವದ ಕಲ್ಲಿಗೊಂದು ದುಂಡನೆ ಕಿಂಡಿ. ಅದನ್ನ ಇನ್ನೊಂದು ಪೋಸ್ಟಲ್ಲಿ ಹೇಳ್ತೀನಿ, ಇಲ್ಲಿ ಜಾಗ ಸಾಲಲ್ಲ.)

ಭಾಗ 5

ಇವತ್ತು ವ್ಯಾಕರಣ. ಓಡಬೇಡಿ, ಹೆದರಿಕೆ ಇಲ್ಲೇ ಇದೆ.

ಇಂಗ್ಲಿಷ್ ಆಟದಲ್ಲಿ ಕ್ರಿಯಾಪದ ಮೊದಲು, ವಸ್ತು ಆಮೇಲೆ. ಕನ್ನಡದಲ್ಲಿ ತಿರುಗಾಮುರುಗಾ, ಮೇಲಾಗಿ ವಿಭಕ್ತಿ. ಬಾಗಿಲು ತೆಗೆ, ಬಾಗಿಲನ್ನು ತೆರೆ, ಬಾಗ್ಲು ತಗಿ, ಕದ ತೆಗಿ. ಎಲ್ಲಾ ಒಂದೇ ಅಂತ ಯಂತ್ರಕ್ಕೆ ಕಲಿಸಬೇಕು. ಇದು ಬರೀ ದುಡಿಮೆ, ಪಟ್ಟಿ ಮಾಡ್ತಾ ಹೋದ್ರೆ ಆಗುತ್ತೆ.

ಪಟ್ಟಿಗೆ ಸಿಗದ್ದು ಬೇರೆ. ನಮ್ಮ ಮನೆಗಳಲ್ಲಿ ದೀಪ ‘ಆರಿಸು’ ಅನ್ನಲ್ಲ, ‘ದೊಡ್ಡದು ಮಾಡು’ ಅಂತಾರೆ. ರಾತ್ರಿ ಹಾವು ಅನ್ನಲ್ಲ, ‘ಹುಳ’ ಅಂತಾರೆ. ಹೊರಡುವಾಗ ‘ಹೋಗ್ತೀನಿ’ ಅನ್ನಲ್ಲ, ‘ಬರ್ತೀನಿ’ ಅಂತಾರೆ. ಅಂದ್ರೆ ಹೆದರಿಕೆಯನ್ನ ಪದದಿಂದ ದೂರ ಇಡೋ ವ್ಯವಸ್ಥೆ ಭಾಷೆಯೊಳಗೇ ಇದೆ. ಆಟದಲ್ಲಿ ಅಜ್ಜಿಯ ಪಾತ್ರ ಮೂರು ರಾತ್ರಿ ‘ಬರ್ತೀನಿ ಕಣವ್ವ’ ಅಂತ ಹೇಳಿ ಮಲಗೋಕೆ ಹೋಗುತ್ತೆ. ನಾಲ್ಕನೇ ರಾತ್ರಿ ‘ಹೋಗ್ತೀನಿ’ ಅನ್ನುತ್ತೆ. ಬೇರೇನೂ ಬದಲಾಗಲ್ಲ. ಪರೀಕ್ಷೆಗೆ ಆಡಿದ ಗೆಳೆಯ ಅಲ್ಲಿ ಕುರ್ಚಿ ಹಿಂದಕ್ಕೆ ತಳ್ಳಿದ.

ಇನ್ನೊಂದು ಇದಕ್ಕಿಂತ ಆಳದ್ದು. ಆಡುಮಾತಲ್ಲಿ ‘ನಾನು ಬಂದೆ’, ‘ನೀನು ಬಂದೆ’. ಕರ್ತೃಪದ ತೆಗೆದು ನೋಡಿ: ಬಂದೆ. ಯಾರು ಬಂದಿದ್ದು, ನಾನೋ ನೀನೋ? ಹೆಣ್ಣೋ ಗಂಡೋ? ಏನೂ ಗೊತ್ತಾಗಲ್ಲ. ‘ಬಾಗಿಲ ಹತ್ರ ಬಂದೆ. ಉಸಿರು ಬಿಗಿ ಹಿಡಿದೆ. ಕಾದೆ.’ ಇದನ್ನ ಬಾಗಿಲ ಒಳಗಿನವರೂ ಹೇಳಬಹುದು, ಹೊರಗಿನವರೂ ಹೇಳಬಹುದು. ಇಂಗ್ಲಿಷಿನಲ್ಲಿ ಈ ಆಟ ಆಗಲ್ಲ, ಅಲ್ಲಿ ಯಾರಾದ್ರೂ ಒಬ್ಬರು ಇರಲೇಬೇಕು. (‘ನೀನು ಬಂದಿ’ ಅನ್ನೋ ಕಡೆಯ ಗೆಳೆಯರು ಇಲ್ಲಿ ಸ್ವಲ್ಪ ಹೊಂದಿಕೊಳ್ಳಿ.) ನಮ್ಮ ಆಟ ನಿಂತಿರೋದೇ ಈ ಒಂದು ಪ್ರತ್ಯಯದ ಮೇಲೆ.

ಭಾಗ 6

ಏನನ್ನ ಕಂಡು ಹೆದರಬೇಕು ಅನ್ನೋದು ಉಳಿದ ಪ್ರಶ್ನೆ. ಊರದೇವರು, ಮೈಮೇಲೆ ಬರೋ ಹೆಂಗಸು, ಮಾಟದ ನಿಂಬೆಹಣ್ಣು, ಇವನ್ನೆಲ್ಲ ಮೊದಲ ದಿನವೇ ಬಿಟ್ವಿ. ಪೇಟೆಯವರು ಹಳ್ಳಿಗೆ ಬಂದು ಹೆದರೋ ಕಥೆ ಸಾಕಷ್ಟಾಗಿದೆ.

ಒಂದು ಹೆದರಿಕೆ ಕಾವಲಿನದು. ಚಳ್ಳಕೆರೆ ಸುತ್ತಿನ ಅಮೃತಮಹಲ್ ಕಾವಲು ಮೈಸೂರು ಅರಸರ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು. 2010ರ ಆಸುಪಾಸಿನ ವರ್ಷಗಳಲ್ಲಿ ಸಾವಿರಾರು ಎಕರೆ ಡಿಆರ್‌ಡಿಒ, ಬಾರ್ಕ್, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಯ್ತು. ವಿಜ್ಞಾನ ಸಂಸ್ಥೆಗೇ ಕುದಾಪುರದ ಹತ್ರ 1,500 ಎಕರೆ. ಹಸಿರು ನ್ಯಾಯಮಂಡಳಿ ತನಕ ವ್ಯಾಜ್ಯ ನಡೀತು. 2017ರಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆ ಆಯ್ತು. ವಿಜ್ಞಾನ ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಅಜ್ಜನ ಕಾಲದಿಂದ ಕುರಿ ಹೊಡೆದುಕೊಂಡು ಹೋದ ದಾರಿಯಲ್ಲಿ ಒಂದು ದಿನ ಗೋಡೆ ಎದ್ದಿದ್ರೆ ಹೇಗಿರುತ್ತೆ? ಅಕ್ಷರದ ಆಟ ಆಡಿದವರಿಗೆಲ್ಲ ಆ ಉತ್ತರ ಗೊತ್ತು: ಆ ದಿಕ್ಕಿಗೆ ಹೋಗೋಕೆ ಆಗಲ್ಲ. ನಮ್ಮ ಆಟದಲ್ಲಿ ನಕ್ಷೆ ದಿನದಿನಕ್ಕೆ ಚಿಕ್ಕದಾಗುತ್ತೆ. ನಿನ್ನೆ ಪೂರ್ವಕ್ಕೆ ದಾರಿ ಇತ್ತು, ಇವತ್ತಿಲ್ಲ. ಇಂಥ ಬಯಲಿನ ದೊಡ್ಡ ಹಕ್ಕಿಗೆ ಕನ್ನಡದಲ್ಲಿ ಎರೆಭೂತ ಅಂತ ಹೆಸರು. ರಾಜ್ಯದಲ್ಲಿ ಈಗ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಹೆಸರಲ್ಲಿ ಭೂತ, ಹೆದರಿ ಅಡಗಿರೋದು ಅದೇ.

ಇನ್ನೊಂದನ್ನ ಹೇಳೋಕೆ ಸ್ವಲ್ಪ ಹಿಂಜರಿಕೆ. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನ, ಬಾಣಂತಿ-ಕೂಸನ್ನ ಹಟ್ಟಿಯ ಹೊರಗೆ ಗುಡಿಸಲಲ್ಲಿ ಇಡೋ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2017ರ ಕಾಯ್ದೆ, 2020ರಿಂದ ಜಾರಿಯಲ್ಲಿರೋದು, ಇದನ್ನ ಅಪರಾಧ ಅನ್ನುತ್ತೆ. 2023ರ ಜುಲೈ ಮಳೆಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿದ್ದ ಎಳೆಗೂಸು ಶೀತಕ್ಕೆ ತೀರಿಹೋಯ್ತು. ಇದರ ವಿರುದ್ಧ ಆ ಸಮುದಾಯದೊಳಗಿಂದಲೇ ಮಾತಾಡ್ತಿರೋ ಹೆಣ್ಣುಮಕ್ಕಳಿದಾರೆ, ಅದನ್ನೂ ಹೇಳಬೇಕು.

ನಮ್ಮ ಮೂವರಲ್ಲಿ ಒಬ್ಬಳು ಹಟ್ಟಿಯವಳೇ. ಗುಡಿಸಲಿನ ಪ್ರಸಂಗ ಬಂದಾಗ ಅವಳು ಹೇಳಿದ್ದು ಇಷ್ಟು: “ಗುಡಿಸ್ಲು ನೋಡಿ ಹೆದ್ರೋ ಹಂಗೆ ಬರೀಬ್ಯಾಡ್ರಪ್ಪ. ಮನೆ ನೋಡಿ ಹೆದ್ರೋ ಹಂಗೆ ಬರೀರಿ.”

ಹಾಗಾಗಿ ಆಟ ಹೀಗಿದೆ. ಮೊದಲ ಅರ್ಧ ನೀವು ಒಳಗಿದೀರಿ. ಮಳೆ. ಯಾರೋ ತಟ್ತಾರೆ, ಮನೆಯವರ ದನಿಯಲ್ಲಿ ಕರೀತಾರೆ. ನೀವು ಚಿಕ್ಕಂದಿನಲ್ಲಿ ಕೇಳಿದ ಕಥೆ ನೆನೆಸಿಕೊಂಡು ‘ನಾಳೆ ಬಾ’ ಅಂತ ಟೈಪ್ ಮಾಡ್ತೀರಿ. ಕೆಲಸ ಮಾಡುತ್ತೆ. ದನಿ ನಿಲ್ಲುತ್ತೆ. ಗೆದ್ದೆ ಅನ್ಸುತ್ತೆ. ಎರಡನೇ ಅರ್ಧದಲ್ಲಿ ಅದೇ ಮಳೆ, ಅದೇ ವಾಕ್ಯಗಳು, ಒಂದಕ್ಷರ ಬದಲಿಲ್ಲ. ಬಾಗಿಲ ಹತ್ರ ಬಂದೆ. ಉಸಿರು ಬಿಗಿ ಹಿಡಿದೆ. ಕಾದೆ. ಈ ಸಲ ಕೈಯಲ್ಲೊಂದು ಕೂಸಿದೆ. ಏನು ಟೈಪ್ ಮಾಡಿದ್ರೂ, ಅಮ್ಮಾ ಅನ್ನಿ, ಬಾಗಿಲು ತಟ್ಟು ಅನ್ನಿ, ಕೂಗು ಅನ್ನಿ, ಒಳಗಿಂದ ಎರಡೇ ಪದದ ಉತ್ತರ ಬರುತ್ತೆ.

ಭಾಗ 7

ಚಿಕ್ಕ ಪೋಸ್ಟ್. ತುಂಬ ಜನ ಕೇಳಿದ್ದಕ್ಕೆ: ಆಟ ಉಚಿತ, ಫೋನಲ್ಲೂ ನಡೆಯುತ್ತೆ, ಇನ್ನೂ ಮುಗಿದಿಲ್ಲ. ಎರಡನೇ ಅರ್ಧದಲ್ಲಿ ಬಾಗಿಲು ತೆರೆಯೋ ಒಂದು ಮಾತು ಇರಬೇಕಾ ಬೇಡವಾ ಅಂತ ನಮ್ಮಲ್ಲೇ ಜಗಳ ನಡೀತಿದೆ. ಹಟ್ಟಿಯ ಗೆಳತಿ ಇರಲಿ ಅಂತಾಳೆ, ನಾನು ಬೇಡ ಅಂತೀನಿ. ಸದ್ಯಕ್ಕೆ ಅವಳ ಕೈ ಮೇಲಾಗಿದೆ, ಆ ಮಾತು ಯಾವುದು ಅಂತ ನನಗೂ ಹೇಳಿಲ್ಲ. ಕೋಡ್‌ನ ಆ ಭಾಗ ಬರೀತಿರೋದು ಅವಳೇ.

ನಿಮ್ಮಿಂದ ಒಂದು ಸಹಾಯ ಬೇಕು. ನಿಮ್ಮ ಮನೆಯಲ್ಲಿ ರಾತ್ರಿ ಹೊತ್ತು ಹೇಳಬಾರದ ಪದ ಯಾವುದಿತ್ತು? ಅದರ ಬದಲು ಏನಂತಿದ್ರು? ಪರಶುರಾಂಪುರ, ತಳಕು, ನಾಯಕನಹಟ್ಟಿ, ರಾಂಪುರ, ಯಾವ ಕಡೆಯ ಮಾತು ಅನ್ನೋದನ್ನೂ ಸೇರಿಸಿ ಕಾಮೆಂಟಲ್ಲಿ ಬರೀರಿ. ತೆಲುಗಿಂದಾದ್ರೂ ಪರವಾಗಿಲ್ಲ.

#ಚಳ್ಳಕೆರೆ #ಮೊಳಕಾಲ್ಮೂರು #ನಾಳೆಬಾ #ಕನ್ನಡಗೇಮ್ #ಅಕ್ಷರಗುಂಡು